ಮೂರು ಹಿಡಿ ಮಣ್ಣು

ನಾನು ಕಾರು ಓಡಿಸುವಾಗ ನಮ್ಮಪ್ಪ ಪಕ್ಕದಲ್ಲಿ ಕೂತರೆ ಅವರ ಬಲಗಾಲು ಸುಮ್ಮನಿರುವುದಿಲ್ಲ. ಅಲ್ಲಿ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇರುತ್ತದೆ. ಬಾಯಿ ಮಾತ್ರ ಬೇರೆಯೇ ಹೇಳುತ್ತದೆ. "ಇದೇನವ್ವ, ಕಾರೋ ಎತ್ತಿನಗಾಡಿಯೋ? ಒಸಿ ತುಳಿ. ಸೈಕಲ್‌ನೋನು ನಮ್ಮನ್ನ ಹಿಂದಾಕ್ಬುಟ್ಟು ಓಯ್ತಾವ್ನೆ." ಬಾಯಿಯ ಮಾತು ಕೇಳಲೋ, ಕಾಲಿನ ಮಾತು ಕೇಳಲೋ? ಅವರು ಇಪ್ಪತ್ತೆರಡು ವರ್ಷ ಬೆಂಗಳೂರು–ಕನಕಪುರ ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡಿಸಿದವರು. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಾ, ಮೂವತ್ತೆಂಟು ತುಂಬಿದ ಮೇಲೆ ಡ್ರೈವಿಂಗ್ ಕಲಿತು, ಯಾರೋ ಓಡಿಸಿ ಬಿಟ್ಟ ಸಣ್ಣ ಕಾರು ಕೊಂಡವಳು. ಜಗಳವಾಗದೆ ಇನ್ನೇನಾಗುತ್ತದೆ?

ಆ ಭಾನುವಾರ ನಾವು ಹೊರಟದ್ದಕ್ಕೆ ಕಾರಣ ಒಂದು ಫೋನು. ಅಪ್ಪನ ಚಿಕ್ಕಪ್ಪನ ಮಗ ಕನಕಪುರದಿಂದ ಮಾಡಿದ್ದರು. ಅಪ್ಪ ರಿಸೀವರನ್ನು ಕಿವಿಯಿಂದ ಗೇಣುದ್ದ ದೂರ ಹಿಡಿಯುವವರಾದ್ದರಿಂದ ಅಡುಗೆಮನೆಯಲ್ಲಿದ್ದ ನನಗೂ ಮಾತೆಲ್ಲ ಕೇಳಿಸಿತು. "ಅಣ್ಣೋ, ಹೊಲ ಎಲ್ಲ ಫ್ಯಾಕ್ಟರಿಗೆ ಓಯ್ತು. ನಿಮ್ಮವ್ವನ ಗುಡ್ಡೆ ಅದರೊಳಗೇ ಐತೆ. ಮಣ್ಣು ಎತ್ಕೊಳಂಗಿದ್ರೆ ಬಿರ್ರನೆ ಬಂದು ಎತ್ಕೊಂಡೋಗು. ಮಿಷನ್ ಬಂದ್ಮೇಲೆ ನನ್ನ ಕೇಳ್ಬ್ಯಾಡ." ಅಪ್ಪ ಫೋನಿಟ್ಟು ಬಂದು ಅನ್ನದ ತಟ್ಟೆಯ ಮುಂದೆ ಕೂತರು. ತುತ್ತೆತ್ತಲಿಲ್ಲ.

ನಮ್ಮ ಕಡೆ ಸತ್ತವರನ್ನು ಸ್ವಂತ ಹೊಲದ ಮೂಲೆಯಲ್ಲಿ ಹೂಳುತ್ತಾರೆ. ಆ ಹೊಲ ಕೈಬಿಟ್ಟು ಹೋಗುವ ಕಾಲ ಬಂದರೆ ಗುಡ್ಡೆಯ ತಲೆದೆಸೆಯಿಂದ ಮೂರು ಹಿಡಿ ಮಣ್ಣು ಎತ್ತಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಉಳಿದ ಜಮೀನಿಗೆ ತಂದು ಹಾಕುತ್ತಾರೆ. ಅಲ್ಲಿಂದಾಚೆ ಪಿತೃಪಕ್ಷದ ಎಡೆ ಇಡುವುದು ಅಲ್ಲಿಯೇ. ನಮ್ಮ ಮನೆತನದಲ್ಲಿ ಇದಕ್ಕೊಂದು ಕಟ್ಟಳೆಯೂ ಇದೆ. ಹೂಳಿದ ದಿನ ಮಣ್ಣು ಹಾಕಿದ ಕೈಯೇ ಮಣ್ಣು ಎತ್ತಬೇಕು. ಬೇರೆ ಕೈ ಎತ್ತಿದರೆ ಅದು ಬರಿಯ ಮಣ್ಣು.

ಅಪ್ಪನ ತಾಯಿ ಹೋದಾಗ ಅಪ್ಪನಿಗೆ ಮೂರು ವರ್ಷ. ಫೋಟೋ ಎಂಬುದು ಆ ಊರು ಕಂಡಿರದ ಕಾಲ. ಅವತ್ತು ಮಣ್ಣು ಹಾಕಿದವರಲ್ಲಿ ಈಗ ಬದುಕಿರುವುದು ಒಬ್ಬರೇ, ಅಪ್ಪನ ಅಕ್ಕ, ನನ್ನ ಅತ್ತೆ. ಅವರಿಗಾಗ ಹನ್ನೊಂದು. ತಮ್ಮನನ್ನು ಎಡ ಸೊಂಟದ ಮೇಲೆ ಕೂರಿಸಿಕೊಂಡೇ ಬಲಗೈಯಲ್ಲಿ ಮೂರು ಹಿಡಿ ಹಾಕಿದ್ದರಂತೆ. "ಅಕ್ಕನ ಸೊಂಟ ನೆಪ್ಪೈತೆ, ಅವ್ವನ ಮಕ ನೆಪ್ಪಿಲ್ಲ" ಎನ್ನುವುದು ಅಪ್ಪನ ಮಾತು. ಅದನ್ನು ಹೇಳುವಾಗ ನಗುತ್ತಾರೆ. ನನಗೆ ಮಾತ್ರ ಒಂದು ದಿನವೂ ನಗು ಬಂದಿಲ್ಲ.

ನನ್ನಜ್ಜ ಬೇರೆ ಮದುವೆಯಾದರು. ಅಪ್ಪನ ಸೋದರಮಾವ ರೇಗಿ, ಮಗುವನ್ನು ಎತ್ತಿಕೊಂಡು ಚನ್ನಪಟ್ಟಣದ ಪಕ್ಕದ ತಮ್ಮ ಹಳ್ಳಿಗೆ ಬಂದುಬಿಟ್ಟರು. ಮತ್ತೆ ಆ ಊರಿನ ಹೊಸ್ತಿಲು ತುಳಿಯಕೂಡದು ಎಂದು ಆಣೆ ಹಾಕಿಸಿದರು. ಆಮೇಲೆ ಅಪ್ಪ ಡ್ರೈವರಾದರು. ಹಾಕಿದ ರೂಟು ಯಾವುದು? ಸರಿಯಾಗಿ ಅದೇ ಊರಿನ ಕೈಮರದ ಮುಂದೆ ಹಾದುಹೋಗುವ ರಸ್ತೆ! ದಿನಕ್ಕೆ ನಾಲ್ಕು ಸಲ ಅಲ್ಲಿ ಒಂದು ಹಾರ್ನ್ ಹೊಡೆಯುತ್ತಿದ್ದರು. ಎದುರಿಗೆ ನಾಯಿ ಇಲ್ಲ, ನರಪಿಳ್ಳೆ ಇಲ್ಲ, ಈ ಮನುಷ್ಯ ಯಾರಿಗೆ ಹೊಡೆಯುತ್ತಾನೆ ಎಂದು ಕಂಡಕ್ಟರುಗಳು ಆಡಿಕೊಳ್ಳುತ್ತಿದ್ದರಂತೆ. ಸೋದರಮಾವ ತೀರಿಕೊಂಡ ಮೇಲೆ ಆಣೆಯೂ ತೀರಿತು. ಆದರೂ ಇಳಿದು ಹೋಗಲಿಲ್ಲ. "ಮುಂದಿನ ಅಮಾಸೆಗೆ" ಎನ್ನುವರು. ಅಮಾವಾಸ್ಯೆಗೆ ಡ್ಯೂಟಿ. ರಿಟೈರ್ ಆದ ಮೇಲೆ ಮಂಡಿನೋವು. ಅವರನ್ನು ಅನ್ನುವುದೇನು, ನಾನಾದರೂ ಒಂದು ಸಲ "ನಡೀರಿ ಹೋಗೋಣ" ಎಂದಿದ್ದೇನೆಯೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅತ್ತೆಯನ್ನು ಕೊಟ್ಟಿರುವುದು ಮಾಗಡಿ ಕಡೆಗೆ, ಸಾವನದುರ್ಗದ ತಪ್ಪಲಿನ ಹಳ್ಳಿಗೆ. ಬೆಳಿಗ್ಗೆ ಅವರನ್ನು ಹತ್ತಿಸಿಕೊಂಡು, ರಾಮನಗರದ ಮೇಲೆ ವಾಪಸು ಬಂದು, ಕನಕಪುರ ದಾಟಿ ಆ ಊರಿಗೆ ಹೋಗಿ, ಸಂಜೆಯೊಳಗೆ ಮಣ್ಣು ತರುವುದು ಎಂದು ಲೆಕ್ಕ ಹಾಕಿದ್ದೆ. ಲೆಕ್ಕದ ಮೇಡಂ ಅಲ್ಲವೇ! ಚನ್ನಪಟ್ಟಣ ಬಿಟ್ಟಾಗ ಬಿಸಿಲೇರಿರಲಿಲ್ಲ. ರಾಮನಗರದವರೆಗೆ ರಸ್ತೆಯ ಎರಡೂ ಕಡೆ ಹುಣಸೆ ಮರಗಳ ಬೊಡ್ಡೆ ಮಾತ್ರ ಉಳಿದಿದ್ದವು. ನಡುನಡುವೆ ತಗಡಿನ ಶೆಡ್ಡುಗಳು, ಗೇಟುಗಳು, ಗೇಟಿನ ಮುಂದೆ ಟೀ ಅಂಗಡಿಗಳು. ಅಪ್ಪ ಪ್ರತಿಯೊಂದನ್ನೂ ಬೆರಳು ಮಾಡಿ ತೋರಿಸುತ್ತಾ, "ಇಲ್ಲಿ ರಾಗಿ ಹೊಲ ಇತ್ತು, ಇಲ್ಲಿ ಕಟ್ಟೆ ಇತ್ತು" ಎಂದು ಹೇಳುತ್ತಾ ಬಂದರು. ಮಾಗಡಿ ರಸ್ತೆಗೆ ತಿರುಗಿದ ಮೇಲೆ ಮಾತು ನಿಂತು, ಜೇಬಿನಿಂದ ನಶ್ಯದ ಡಬ್ಬಿ ಬಂತು. ಬಸ್ಸಿನಲ್ಲಿ ನಿದ್ದೆ ತಡೆಯಲು ಅಂಟಿಸಿಕೊಂಡ ಚಟ. ಎರಡೂ ಹೊಳ್ಳೆಗೆ ಏರಿಸಿ, ಟವೆಲಿಗೆ ಒರೆಸಿ, "ಆಹಾ" ಎಂದರು. ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಅತ್ತೆಯ ಮನೆಯದು ರೇಷ್ಮೆ ಹುಳುವಿನ ಬೇಸಾಯ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ಹುಳು ಕೊನೆಯ ಹಂತಕ್ಕೆ ಬಂದಿದೆ, ಹೊರಗಿನವರು ಬರಬೇಡಿ ಎಂದು ಅದರ ಅರ್ಥ. ಕಾರಿನಿಂದಿಳಿದ ಅಪ್ಪ ಅಂಗಳದಲ್ಲಿ ಮೂರು ಹೆಜ್ಜೆ ಇಟ್ಟಿರಲಿಲ್ಲ, ಅತ್ತೆಯ ಸೊಸೆ ಒಳಗಿನಿಂದ ಕೂಗಿದಳು. "ಮಾವ, ಅಲ್ಲೇ ನಿಂತ್ಕಳಿ! ನಶ್ಯದ ವಾಸ್ನೆ ಇಲ್ಲಿಗಂಟ ಬತ್ತಾ ಐತೆ. ನಮ್ಮ ಹುಳನೆಲ್ಲ ಸಾಯಿಸ್ಬುಡ್ತೀರ!" ಹೊಗೆಸೊಪ್ಪಿನ ಗಾಳಿ ಸೋಕಿದರೂ ರೇಷ್ಮೆ ಹುಳು ವಾಂತಿ ಮಾಡಿಕೊಂಡು ಸಾಯುತ್ತದೆ. ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಒಡಹುಟ್ಟಿದ ಒಂದೇ ಜೀವವನ್ನು ನೋಡಲು ಬಂದ ನಮ್ಮಪ್ಪ, ಕಳ್ಳನ ಹಾಗೆ ಹಿಂದೆ ಸರಿದು, ಅಂಗಳದಾಚೆ ಹುಣಸೆ ಮರದ ಬುಡದಲ್ಲಿ ಕೂತರು.

ಅತ್ತೆ ಹೊರಗೆ ಬಂದು ಜಗಲಿಯ ತುದಿಯಲ್ಲಿ ನಿಂತರು. ತೆಳ್ಳಗಿನ ಮೈ, ಎಪ್ಪತ್ತಾರರಲ್ಲೂ ನೆಟ್ಟಗಿನ ಬೆನ್ನು, ಸೀರೆಯ ತುಂಬ ಹಿಪ್ಪುನೇರಳೆ ಎಲೆಯ ಚೂರು. ಅಕ್ಕ ತಮ್ಮ ಹತ್ತು ಮಾರು ದೂರದಿಂದ ಕೂಗಿಕೊಂಡು ಮಾತಾಡಿದರು. ನಾನು ನಡುವೆ ನಿಂತೆ.

ಅಪ್ಪ ವಿಷಯ ಹೇಳಿದರು. ಅತ್ತೆ ಸ್ವಲ್ಪ ಹೊತ್ತು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಹೇಳಿದರು. "ಬರಕ್ಕಾಗಕ್ಕಿಲ್ಲ ಕಣ್ಲಾ ಇವತ್ತು. ಹುಳ ಹಣ್ಣಾಗವೆ. ಇವತ್ತು, ನಾಳೆ, ನಾಡಿದ್ದು. ಹಣ್ಣು ಯಾವ್ದು, ಕಾಯಿ ಯಾವ್ದು ಅಂತ ನನ್ನ ಕಣ್ಣಿಲ್ದಿದ್ರೆ ಇವ್ರಿಗೆ ತಿಳಿಯಕ್ಕಿಲ್ಲ. ಹಸಿ ಹುಳನೆಲ್ಲ ಚಂದ್ರಿಕೆಗೆ ಎತ್ತಾಕ್ಬುಡ್ತರೆ." ಹಣ್ಣಾದ ಹುಳು ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಒಳಗೆಲ್ಲ ತಿಳಿಯಾಗಿ ಕಾಣುತ್ತದೆ. ಅಂಥದನ್ನೇ ಆರಿಸಿ ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಹೊತ್ತು ಮೀರಿದರೆ ಅದು ಎಲ್ಲೆಂದರಲ್ಲಿ ನೂಲು ಕಕ್ಕಿ ಹಾಳಾಗುತ್ತದೆ.

"ಅರ್ಧ ದಿನ ಸಾಕು ಅತ್ತೆ, ಸಂಜೆಗೆ ತಂದು ಬಿಡ್ತೀನಿ" ಎಂದೆ.

"ಹುಳ ಕಾಯಕ್ಕಿಲ್ಲ ಕಣವ್ವ. ಸತ್ತೋರು ಕಾಯ್ತರೆ. ಅರವತ್ತೈದು ವರ್ಸ ಕಾದವಳು ಮೂರು ದಿನ ಕಾಯಕ್ಕಿಲ್ವ?"

"ಅವಳು ಕಾಯ್ತಾಳೆ, ಮಿಷನ್ ಕಾಯಲ್ಲ!" ನನ್ನ ದನಿ ಏರಿತ್ತು. "ಕನಕಪುರದ ಚಿಕ್ಕಪ್ಪ ಬಿರ್ರನೆ ಬನ್ನಿ ಅಂದವ್ರೆ."

ಹುಣಸೆ ಮರದ ಬುಡದಿಂದ ಅಪ್ಪ ಗದರಿದರು. "ಸುಮ್ಕಿರವ್ವ. ಅಕ್ಕ ಯೋಳಿದ್ಮೇಲೆ ಆಯ್ತು. ಮನೆ ಮಂದಿ ತಿಂಗಳೊಪ್ಪತ್ತು ನಿದ್ದೆಗೆಟ್ಟು ಸಾಕವ್ರೆ, ಕಡೇ ಗಳಿಗೇಲಿ ಕೈ ಬುಡ್ಸಕ್ಕಾಯ್ತದ?" ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿದೆ. ನಿಜ ಹೇಳುತ್ತೇನೆ, ಆ ತಿರುವುಗಳ ರಸ್ತೆಯಲ್ಲಿ ಅವತ್ತೇ ಅಷ್ಟು ದೂರ ಓಡಿಸಲು ನನಗೂ ಭಯವಿತ್ತು. ಮೂರು ದಿನ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾದೆ. ಈಗ ಅದನ್ನು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಹೊರಡುವ ಮುಂಚೆ ಅಪ್ಪ ಕೂತಲ್ಲಿಂದಲೇ ಕೇಳಿದರು. "ಅಕ್ಕಯ್ಯ, ಅವ್ವ ಹೆಂಗಿದ್ಲು?"

"ಎಷ್ಟು ಸಲ ಕೇಳೀಯ್ಲಾ, ಮುದುಕ ಆದ್ರೂ ಬುದ್ಧಿ ಬರ್ನಿಲ್ಲ! ಎಡಗೆನ್ನೆ ಮೇಲೆ ಮಚ್ಚೆ. ನಕ್ಕರೆ ಬಾಯಿಗೆ ಕೈ ಅಡ್ಡ ಹಿಡ್ಕಳಳು. ಹುಳದ ಮನೇಲಿ ಹಾಡ್ಕೊಂಡೇ ಎಲೆ ಹಾಕಳು. ಸಾಕಾ?"

"ಸಾಕು" ಎಂದು ಅಪ್ಪ ನಕ್ಕರು, ಬಾಯಿಗೆ ಕೈ ಅಡ್ಡ ಹಿಡಿದು.

ಆ ಮೂರು ದಿನ ಅಪ್ಪ ನಶ್ಯ ಮುಟ್ಟಲಿಲ್ಲ. "ಗುಡ್ಡೆ ತಾವ ಓಗೋನು ವಾಸ್ನೆ ಹೊಡೀತಾ ಓಗಬಾರ್ದು" ಎಂದು ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದರು. ತಲೆನೋವಿಗೆ ಹಣೆಗೆ ಟವೆಲು ಬಿಗಿದುಕೊಂಡು ಜಗಲಿಯಲ್ಲಿ ಆಕಳಿಸುತ್ತಾ ಕೂತಿರುತ್ತಿದ್ದರು. ನಮ್ಮ ಹೊಲದಲ್ಲಿ, ನನ್ನಮ್ಮನ ಗುಡ್ಡೆಯ ಪಕ್ಕ, ತಾವೇ ಒಂದು ಜಾಗ ಕೆರೆದು, ಕಲ್ಲು ಆರಿಸಿ, ನೀರು ಚಿಮುಕಿಸಿ ಬಂದರು. "ಇಲ್ಲಿ ಅವ್ವ, ಅಲ್ಲಿ ನಿಮ್ಮಮ್ಮ, ನಡುವೆ ನಾನು. ಸರಿಯಾಯ್ತದಲ್ಲ?" ಎಂದು ನನ್ನನ್ನು ಕೇಳಿದರು. ಅಪ್ಪಾ, ಅದೆಂಥ ಮಾತು ಅಂತ ಬೈದೆ. ಅಷ್ಟು ಖುಷಿಯಾಗಿ ಅವರನ್ನು ಕಂಡು ಎಷ್ಟೋ ವರ್ಷವಾಗಿತ್ತು.

ನಾಲ್ಕನೇ ದಿನ, ಬುಧವಾರ, ರಜೆ ಹಾಕಿ ಹೋದೆ. ಅತ್ತೆ ಸ್ನಾನ ಮಾಡಿ ಜಗಲಿಯಲ್ಲಿ ಸಿದ್ಧವಾಗಿದ್ದರು. ಅರಿಶಿನದಲ್ಲಿ ಅದ್ದಿ ಒಣಗಿಸಿದ ಹೊಸ ಬಟ್ಟೆ, ಸ್ಟೀಲ್ ಡಬ್ಬಿಯಲ್ಲಿ ಹಾಲು, ತೆಂಗಿನಕಾಯಿ, ಜೊತೆಗೆ ಎಲೆಯಲ್ಲಿ ಸುತ್ತಿದ ಐದು ರೇಷ್ಮೆಗೂಡು. "ಅವ್ವಂಗೆ ತೋರ್ಸಣ. ನೋಡು, ಹೆಂಗೆ ಬೆಳ್ಳಗೆ ಬಂದವೆ." ದಾರಿಯುದ್ದಕ್ಕೂ ಅವರಿಗೆ ವಾಕರಿಕೆ. ನಿಂಬೆ ಎಲೆ ಮೂಸುತ್ತಾ, ಮಧ್ಯೆ ಮಧ್ಯೆ ಗುರುತು ಹೇಳಿದರು. ಬಾವಿಯ ಬದಿಯಲ್ಲಿ ಹೊಂಗೆ ಮರ. ಅದಕ್ಕೆ ಬೆನ್ನು ಕೊಟ್ಟು ಮೂಡಲಿಗೆ ಎಂಟು ಮಾರು. ತಲೆದೆಸೆಗೆ ಒಂದು ಬೂದುಗಲ್ಲು. ನಿಂತು ನೋಡಿದರೆ ಎದುರಿಗೆ ಜೋಡಿ ಗುಡ್ಡದ ಕಣಿವೆ. "ಕಣ್ಣು ಕಟ್ಟಿ ಬುಟ್ರೂ ತೋರುಸ್ತೀನಿ" ಎಂದರು.

ಕನಕಪುರ ದಾಟಿ ಬೆಂಗಳೂರಿನ ದಿಕ್ಕಿಗೆ ಹೋಗುವಾಗ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಎರಡೂ ಬದಿಗೆ ಹೊಸ ಕೆಂಪು ಮಣ್ಣು ಸುರಿದು ತಟ್ಟಿದ್ದರು. ಟಿಪ್ಪರ್ ಲಾರಿಗಳ ಧೂಳಿಗೆ ನಾನು ಮುದುರಿಕೊಂಡು ಓಡಿಸುತ್ತಿದ್ದರೆ ಅಪ್ಪ, "ತುಳಿಯವ್ವ ತುಳಿ, ಹೊತ್ತು ಮುಳುಗೋಯ್ತದೆ" ಎಂದು ಅವಸರ ಮಾಡುತ್ತಿದ್ದರು. ಊರಿನ ಕೈಮರ ಬಂತು. "ಹಾರ್ನ್ ಹೊಡಿ" ಎಂದರು. ಹೊಡೆದೆ. ನಮ್ಮ ಕಾರಿನದು ಪೀಂ ಎನ್ನುವ ಬಡ ಹಾರ್ನು. ಅಪ್ಪನಿಗೆ ನಾಚಿಕೆಯಾಯಿತೇನೋ, ತಾವೇ ಕೈ ಚಾಚಿ ಇನ್ನೊಂದು ಸಲ ಉದ್ದಕ್ಕೆ ಒತ್ತಿದರು. ಅವರ ಜೀವನದಲ್ಲಿ ಮೊದಲ ಸಲ ಅಲ್ಲಿ ಗಾಡಿ ಒಳಕ್ಕೆ ತಿರುಗಿತು.

ಊರು ದಾಟಿದ ಕೂಡಲೇ ತಗಡಿನ ಬೇಲಿ. ಬೇಲಿಯಲ್ಲಿ ಸಂದು. ಸಂದಿನಾಚೆ ಬಯಲು. ಎಷ್ಟು ದೂರ ನೋಡಿದರೂ ಬಯಲು, ಉರುಳೆ ಹೊಡೆದು ಸಪಾಟು ಮಾಡಿದ ಬೂದು ನೆಲ. ಬಾವಿ ಇಲ್ಲ. ಹೊಂಗೆ ಇಲ್ಲ. ಬದು ಇಲ್ಲ. ಅತ್ತೆ ಕಾರಿನಿಂದಿಳಿದು, "ಎಲ್ಲಿಗೆ ಕರ್ಕೊಂಬಂದ್ಯವ್ವ? ಇದಲ್ಲ ನಮ್ಮೂರು" ಎಂದರು.

ಹೆಲ್ಮೆಟ್ ಹಾಕಿದ ಸೂಪರ್‌ವೈಸರ್ ಒಬ್ಬರು ಓಡಿ ಬಂದರು. ಒಳಗೆ ಬರಬಾರದು ಎಂದರು. ನಾನು ಹೇಳಿದೆ. ಕೂಗಾಡಿದೆ ಎಂದರೂ ಸರಿ. ಗುಡ್ಡೆ ಎಂದರೇನು ಗೊತ್ತಾ ನಿಮಗೆ, ಮನೆಯಲ್ಲಿ ಅವ್ವ ಇಲ್ಲವಾ ನಿಮಗೆ, ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ತಿರುಗಿ ಒಂದು ಮಾತು ಬೈದಿದ್ದರೂ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಮೇಡಂ, ಮೊನ್ನೆ ಬೆಳಿಗ್ಗೆ ಈ ಕಡೆ ಲೆವೆಲ್ ಮಾಡಿದ್ದು. ಗೊತ್ತಿದ್ರೆ ಒಂದೆರಡು ದಿನ ಆ ಮೂಲೆ ಬಿಟ್ಟು ಬೇರೆ ಕಡೆ ಮಾಡ್ತಿದ್ವಿ. ಯಾರೂ ಬಂದು ಹೇಳ್ಲಿಲ್ಲ."

ಮೊನ್ನೆ ಬೆಳಿಗ್ಗೆ. ಅತ್ತೆ ಹುಳು ಆರಿಸುತ್ತಿದ್ದರು. ಅಪ್ಪ ನಮ್ಮ ಹೊಲದಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಒಂಬತ್ತನೇ ಕ್ಲಾಸಿಗೆ ತ್ರಿಭುಜ ಹೇಳುತ್ತಿದ್ದೆ.

"ಆ ಮಣ್ಣೆಲ್ಲಿ ಹಾಕಿದ್ರಿ? ರಾಶಿ ಇದೆಯಾ?" ಎಂದೆ.

"ಇಲ್ಲ ಮೇಡಂ. ಮೂರಡಿ ಮೇಲ್ಮಣ್ಣು ಪೂರ್ತಿ ತೆಗೆದು ಟಿಪ್ಪರಿಗೆ ತುಂಬಿದ್ವಿ. ಮೇನ್ ರೋಡ್ ಅಗಲ ಮಾಡ್ತಿದಾರಲ್ಲ, ಅದರ ಸೈಡಿಗೆ ಹೋಯ್ತು. ಇಲ್ಲಿ ಈಗಿರೋದು ಕ್ವಾರಿಯಿಂದ ಬಂದ ಪುಡಿ."

ಅತ್ತೆ ನನ್ನ ಪಕ್ಕದಲ್ಲೇ ನಿಂತು ಇದನ್ನೆಲ್ಲ ಕೇಳಿಸಿಕೊಂಡರು. ಅಪ್ಪ ಹಿಂದೆ ಕಾರಿನ ಡಿಕ್ಕಿ ತೆಗೆದು ಹಾಲಿನ ಡಬ್ಬಿ, ತೆಂಗಿನಕಾಯಿ ಎತ್ತಿಕೊಳ್ಳುತ್ತಿದ್ದರು. ಅವರಿಗೆ ಕೇಳಿಸಿರಲಾರದು ಅಂದುಕೊಂಡೆ.

ಅತ್ತೆ ಬಯಲಿಗೆ ನಡೆದರು. ಬಾವಿ ಇರಬೇಕಾದ ಕಡೆ ಹೋಗಿ ನಿಂತರು, ಅಲ್ಲಿಂದ ಇನ್ನೊಂದು ಕಡೆ ಹೋದರು. ಹಣೆಗೆ ಕೈ ಹಿಡಿದು ಜೋಡಿ ಗುಡ್ಡ ಹುಡುಕಿದರು. ಒಂದು ಗುಡ್ಡದ ಅರ್ಧ ಮೈಯನ್ನು ಗಣಿಯವರು ಕೊಯ್ದು ತೆಗೆದಿದ್ದರು, ಕಣಿವೆ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಅವರ ಬಾಯಿ ಏನೋ ಎಣಿಸುತ್ತಿತ್ತು, ಮಾರುಗಳಿರಬೇಕು. ಎಲ್ಲಿಂದ ಎಣಿಸುವುದು? ಆಗ ಅಪ್ಪ ಅರಿಶಿನದ ಬಟ್ಟೆಯನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡು ಹತ್ತಿರ ಹೋದರು.

"ಅಕ್ಕಯ್ಯ, ಎಲ್ಲಿ?"

ಅತ್ತೆ ತಮ್ಮನ ಮುಖ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅನುಮಾನವೇ ಇಲ್ಲದವರ ಹಾಗೆ ಇಪ್ಪತ್ತು ಹೆಜ್ಜೆ ಬಿರಬಿರನೆ ನಡೆದು ಹೋಗಿ ಕುಕ್ಕರಗಾಲಲ್ಲಿ ಕೂತರು.

"ಇಲ್ಲೇ ಕಣ್ಲಾ. ಇದೇಯ."

ಉರುಳೆ ಹೊಡೆದ ನೆಲ. ಉಗುರು ಇಳಿಯಲಿಲ್ಲ. ನಾನು ಕಾರಿನ ಸ್ಪ್ಯಾನರ್ ತರುತ್ತೇನೆ ಎಂದರೆ, "ಬ್ಯಾಡ, ಕೈಯಲ್ಲೇ ಎತ್ತಬೇಕು" ಎಂದರು. ಕೆರೆದೂ ಕೆರೆದೂ ಬೆರಳ ತುದಿಯಲ್ಲಿ ರಕ್ತ ಬಂತು. ಮೂರು ಹಿಡಿ ಆಗುವಾಗ ಅರ್ಧ ಗಂಟೆ. ಬಟ್ಟೆಗೆ ಬಿದ್ದದ್ದು ಬೂದು ಬಣ್ಣದ ಪುಡಿ, ಅದರಲ್ಲಿ ನೀಲಿ ಜಲ್ಲಿಯ ಚೂರು. ಅಪ್ಪ ಹಾಲು ಬಿಟ್ಟರು. ಹಾಲು ಇಂಗಲಿಲ್ಲ. ಗಟ್ಟಿ ನೆಲದ ಮೇಲೆ ಹರಿದು ನನ್ನ ಚಪ್ಪಲಿಯವರೆಗೆ ಬಂತು. ಅತ್ತೆ ಐದು ಗೂಡುಗಳನ್ನು ಸಾಲಾಗಿ ಇಟ್ಟು, "ಅವ್ವ, ನೋಡವ್ವ" ಎಂದರು. ಅಲ್ಲಿಯವರೆಗೆ ಗಟ್ಟಿಯಾಗಿದ್ದವರು ಆಗ ಅತ್ತರು. ಅಪ್ಪ ಅವರ ಬೆನ್ನು ಸವರಿದರು. ಸೂಪರ್‌ವೈಸರ್ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು. ನನಗೆ ಮಾಡಲು ಏನೂ ಇರಲಿಲ್ಲ. ಹೇಳಲು ಇತ್ತು, ಹೇಳುವುದು ಹೇಗೆ? ಇದು ಅಜ್ಜಿಯಲ್ಲ, ಯಾವುದೋ ಬಂಡೆಯ ಪುಡಿ ಎಂದು ಅಪ್ಪನಿಗೆ ಯಾವ ಬಾಯಲ್ಲಿ ಹೇಳಲಿ?

ವಾಪಸು ಹೊರಟೆವು. ಅಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲಿ ಹಿಡಿದುಕೊಂಡು ಕೂತರು. ಹಿಂದೆ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆಯಲ್ಲ. ಕನ್ನಡಿಯಲ್ಲಿ ನನ್ನ ಕಣ್ಣಿಗೆ ಸಿಕ್ಕರೆ ಎಲ್ಲಿ ಏನು ಕೇಳುತ್ತೇನೋ ಎಂದು ಮುಚ್ಚಿಕೊಂಡದ್ದು. ಕೇಳುವವಳಲ್ಲ ನಾನು. ಅಪ್ಪ ನಂಬಿದರಲ್ಲ, ಅಷ್ಟು ಸಾಕು ಎಂದು ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೆ.

ಕೈಮರ ಬಂತು. ಈ ಸಲ ಹಾರ್ನ್ ಹೊಡಿ ಎನ್ನಲಿಲ್ಲ. ಮುಖ್ಯರಸ್ತೆಗೆ ಏರಿ, ಮೂರನೇ ಗೇರಿಗೆ ಹಾಕಿ, ಇನ್ನೇನು ತುಳಿಯವ್ವ ಎನ್ನುತ್ತಾರೆ ಎಂದು ನಾನೇ ವೇಗ ಹೆಚ್ಚಿಸಿದೆ. ಅಪ್ಪ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದರು. ರಸ್ತೆಯ ಬದಿಗೆ ಸುರಿದು ತಟ್ಟಿದ ಹೊಸ ಕೆಂಪು ಮಣ್ಣು ಅವರ ಕಡೆಯ ಚಕ್ರಕ್ಕೆ ತಾಗಿಕೊಂಡೇ ಬರುತ್ತಿತ್ತು.

"ಒಸಿ ನಿಧಾನ್ಕೆ ಓಡ್ಸವ್ವ" ಎಂದರು.

ತಿರುಗಿ ನೋಡಿದೆ. ಅವರ ಬಲಗಾಲು ಅಲುಗದೆ ಇತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಎರಡನೇ ಗೇರಿಗೆ ಇಳಿಸಿದೆ. ಹಿಂದೆ ಲಾರಿಗಳು ಹಾರ್ನ್ ಹೊಡೆದವು. ಒಬ್ಬ ಬಸ್ ಡ್ರೈವರ್ ಪಕ್ಕಕ್ಕೆ ಬಂದು ಬಾಯಿಗೆ ಬಂದಂತೆ ಬೈದು ಹೋದ. ಅಪ್ಪ ಅತ್ತ ತಿರುಗಲೂ ಇಲ್ಲ, ಮಣ್ಣನ್ನೇ ನೋಡುತ್ತಿದ್ದರು. ಆ ಕೆಂಪು ಮಣ್ಣಿನಲ್ಲಿ ಅಜ್ಜಿ ಎಲ್ಲಿಂದ ಎಲ್ಲಿಯವರೆಗೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಕನಕಪುರ ಬರುವವರೆಗೂ ಹಾಗೆಯೇ ಹೋದೆವು.